ಕಿಟಕಿ ಸಂದಿನ ಬಾಳೆಕಾಯಿ

ಹೊಗೆ ಹಾಕಿ ಮಾಗಿಸಿದ ಬಾಳೆಹಣ್ಣಿಗೆ ಅದರದೇ ಒಂದು ವಾಸನೆ ಇರುತ್ತದೆ. ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಈಗ ಗೊನೆಗೆ ಏನನ್ನೋ ಚಿಮುಕಿಸುತ್ತಾರೆ, ಬೆಳಗಾಗುವುದರೊಳಗೆ ಸಿಪ್ಪೆ ಹಳದಿಯಾಗಿರುತ್ತದೆ, ಒಳಗಿನ ತಿರುಳು ಮಾತ್ರ ಇನ್ನೂ ಕಾಯಿಯ ಬುದ್ಧಿ ಬಿಟ್ಟಿರುವುದಿಲ್ಲ. ಹೋದ ವಾರ ನರಸೀಪುರದ ಬಸ್ ನಿಲ್ದಾಣದ ಪಕ್ಕ ಸೋಸಲೆ ಕಡೆಯ ಹೆಂಗಸೊಬ್ಬಳು ಬುಟ್ಟಿಯಲ್ಲಿ ನಾಲ್ಕು ಚಿಪ್ಪು ಪುಟ್ಟಬಾಳೆ ಇಟ್ಟುಕೊಂಡು ಕೂತಿದ್ದಳು. ಪಾಠ ಮುಗಿಸಿ ಸ್ಕೂಲಿನಿಂದ ಬರುತ್ತಿದ್ದ ನಾನು ಆ ಬುಟ್ಟಿಯನ್ನು ದಾಟಿ ನಾಲ್ಕು ಹೆಜ್ಜೆ ಹೋದವಳು ನಿಂತುಬಿಟ್ಟೆ. ಒಣಗಿದ ಎಲೆ, ತೆಂಗಿನ ನಾರು, ಹಸಿಮಣ್ಣು, ಅದರ ಹಿಂದೆ ಸಣ್ಣಗೆ ಸಿಹಿ... ಹೊಗೆ ಹಾಕಿದ್ದಾ ಎಂದು ಕೇಳಿದೆ. ಹೌದು, ಮನೆಯಲ್ಲೇ, ಮಣ್ಣಿನ ಗುಡಾಣದಲ್ಲಿ ಎಂದಳು. ಒಂದು ಚಿಪ್ಪು ತಂದೆ. ಮನೆಯಲ್ಲಿ ಯಾರೂ ಮುಟ್ಟಲಿಲ್ಲ, ಹೊಗೆ ನಾತವಂತೆ. ನಾನೂ ತಿನ್ನಲಿಲ್ಲ. ಅಡುಗೆಮನೆಯ ಕಿಟಕಿಯ ಹತ್ತಿರ ಅದನ್ನು ಇಟ್ಟುಕೊಂಡು ಸುಮ್ಮನೆ ಕೂತಿದ್ದೆ.

ನಂಜನಗೂಡಿನಲ್ಲಿ ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ. ಬಾಳೆಮಂಡಿ ಇಟ್ಟುಕೊಂಡಿದ್ದರಿಂದ ಅವರು ಬೀದಿಗೆಲ್ಲ ಮಂಡಿ ಮಾವ. ಅವರ ಹೆಂಡತಿ ನನಗೆ ಅತ್ತೆ. ರಕ್ತಸಂಬಂಧವೇನೂ ಇರಲಿಲ್ಲ. ಅವರಿಗೆ ಮಕ್ಕಳಿರಲಿಲ್ಲ, ನನಗೆ ಒಡಹುಟ್ಟಿದವರಿರಲಿಲ್ಲ, ಹಾಗಾಗಿ ಎರಡು ಮನೆಗೂ ಸೇರಿ ನಾನೊಬ್ಬಳೇ ಮಗು. ಒಂದು ಮನೆಯಲ್ಲಿ ಬೈಸಿಕೊಂಡರೆ ಇನ್ನೊಂದು ಮನೆಯಲ್ಲಿ ಉಣ್ಣುತ್ತಿದ್ದೆ.

ಅವರ ಹಿತ್ತಿಲಲ್ಲಿ ಕಿಟಕಿಯಿಲ್ಲದ ಒಂದು ಮಣ್ಣಿನ ಕೋಣೆ ಇತ್ತು. ಹೆಡತಲೆ ಕಡೆಯಿಂದ ಗಾಡಿಯಲ್ಲಿ ಬಂದ ಗೊನೆಗಳನ್ನು ಅದರೊಳಗೆ ಪೇರಿಸಿ, ಒಣಗಿದ ಬಾಳೆಲೆ ಹೊದಿಸಿ, ಮಡಕೆಯಲ್ಲಿ ನಾರಿನ ಕೆಂಡ ಮಾಡಿ ಹೊಗೆ ಊದಿ, ಬಾಗಿಲಿಗೆ ಹಸಿಮಣ್ಣು ಮೆತ್ತಿಬಿಡುತ್ತಿದ್ದರು. ಮೇಲ್ಗಡೆ ಮಾತ್ರ ಒಂದು ಇಟ್ಟಿಗೆಯಷ್ಟು ಜಾಗ ತೆರೆದಿಡುತ್ತಿದ್ದರು. ಅದಕ್ಕೆ ಅವರು ‘ಉಸಿರು’ ಎನ್ನುತ್ತಿದ್ದರು. ಉಸಿರು ಬಿಡದೆ ಮುಚ್ಚಿದರೆ ಹಣ್ಣು ಬೆಂದುಹೋಗುತ್ತದೆ, ಮಾರನೆಯ ದಿನ ಬಾಗಿಲು ತೆಗೆದು ಒಳಗೆ ಹೋದವನು ತನ್ನ ಕಾಲ ಮೇಲೆ ಹೊರಗೆ ಬರುವುದಿಲ್ಲ ಎಂದು ಹೇಳುತ್ತಿದ್ದರು. ಊರಲ್ಲಿ ಯಾರು ಹೊಸದಾಗಿ ಮಂಡಿ ಹಾಕಿದರೂ ಮೊದಲ ಹೊಗೆಗೆ ಇವರನ್ನು ಕರೆದು ಉಸಿರು ತೋರಿಸಿಕೊಳ್ಳುತ್ತಿದ್ದರು. ಆ ಗಂಡಿಗೆ ಮೂಗಿಟ್ಟು, ಕಣ್ಣು ಮುಚ್ಚಿ, ಇನ್ನು ಎಷ್ಟು ಹೊತ್ತಿಗೆ ತೆಗೆಯಬೇಕು ಎಂದು ಹೇಳಿಬಿಡುತ್ತಿದ್ದರು. ತಪ್ಪಿದ್ದು ನಾನು ನೋಡಿಲ್ಲ. ಬಾಗಿಲು ಮೆತ್ತಿಯಾದ ಮೇಲೆ ನನ್ನನ್ನು ಹೆಗಲ ಮೇಲೆ ಎತ್ತಿ ಆ ಗಂಡಿಯನ್ನು ತೋರಿಸುವರು. ಉಸಿರು ಬಿಟ್ಟಿದೆ ಮಾವ ಎಂದು ನಾನು ಹೇಳಬೇಕು. ಅದು ನನ್ನ ಉದ್ಯೋಗ. ಆ ನಿಯಮ ನನಗೆ ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ಹಾಗೂ ಇಲ್ಲ. ಆದರೆ ಅದು ಹಣ್ಣಿನ ಕೋಣೆಯ ನಿಯಮ ಎಂದುಕೊಂಡಿದ್ದೆ, ಮನುಷ್ಯರು ಮಲಗುವ ಕೋಣೆಗೂ ಅನ್ವಯಿಸುತ್ತದೆ ಎಂದು ಹತ್ತು ವರ್ಷದ ತಲೆಗೆ ಹೋಗಿರಲಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು ಇದು. ಆ ವರ್ಷ ದಸರಾ ರಜಕ್ಕೆ ಅಪ್ಪ ಬಿಳಿಗಿರಿರಂಗನ ಬೆಟ್ಟದಲ್ಲಿ ಮೂರು ದಿನಕ್ಕೆ ಒಂದು ಮನೆ ಬಾಡಿಗೆಗೆ ಹಿಡಿದರು. ನಮ್ಮ ವಂಶದಲ್ಲಿ ದೇವರಿಗಲ್ಲದೆ ಸುಮ್ಮನೆ ಇದ್ದುಬರಲು ಬೆಟ್ಟಕ್ಕೆ ಹೋದವರು ಯಾರೂ ಇರಲಿಲ್ಲ. ತಾಲ್ಲೂಕು ಆಫೀಸಿನಲ್ಲಿ ಅಪ್ಪನ ಜೊತೆಯವರು ಯಾರೋ ಹೋಗಿಬಂದು ಫೋಟೋ ತೋರಿಸಿದ್ದರಂತೆ. ಕಾಫಿ ತೋಟದ ಅಂಚಿನಲ್ಲಿದ್ದ ಹಳೆಯ ಮರದ ಮನೆ, ಹಲಗೆಯ ಗೋಡೆ, ತಗಡಿನ ಮಾಡು, ಎರಡು ಕೋಣೆ, ಮುಂದೆ ಒಂದು ಜಗಲಿ. ನಾವು ಮೂವರಿಗೆ ಅಷ್ಟು ದೊಡ್ಡ ಮನೆ ಏಕೆಂದು ಮಾವನನ್ನೂ ಅತ್ತೆಯನ್ನೂ ಹೊರಡಿಸಿದರು. ಮಂಡಿ ಬಿಟ್ಟು ಒಂದು ದಿನವೂ ಹೊರಗಿರದಿದ್ದ ಮಾವ ನನ್ನ ಮುಖ ನೋಡಿ ಒಪ್ಪಿಕೊಂಡರು. ಬೆಟ್ಟದ ಮೇಲೆ ಹಣ್ಣು ಸಿಗುತ್ತದೋ ಇಲ್ಲವೋ ಎಂದು ಅರ್ಧ ಗೊನೆ ಕಾಯಿಯನ್ನು ಗೋಣಿಯಲ್ಲಿ ಕಟ್ಟಿಕೊಂಡರು. ಅಮ್ಮ ಮೂರು ದಿನಕ್ಕೆ ಮೂವತ್ತು ಜನಕ್ಕಾಗುವಷ್ಟು ಚಕ್ಕುಲಿ ಕರಿದಳು.

ಮೊದಲ ದಿನ ಚೆನ್ನಾಗಿಯೇ ಇತ್ತು. ಎರಡನೆಯ ದಿನ ಬೆಳಗ್ಗೆಯಿಂದ ಮಂಜು, ಜೊತೆಗೆ ಸೋನೆ. ಬಯಲು ಸೀಮೆಯವರಾದ ನಾವು ಅಂಥ ಚಳಿ ಕಂಡಿರಲಿಲ್ಲ. ಎಲ್ಲರದೂ ಸೇರಿ ಎರಡು ಸ್ವೆಟರ್, ಅದರಲ್ಲಿ ಒಂದು ನನ್ನದು. ಹಾಲು ತರಲು ಹೋಗಿ ಮಾವ ತೊಪ್ಪೆಯಾಗಿ ಬಂದರು. ಮಧ್ಯಾಹ್ನ ಊಟಕ್ಕೆ ಕೂತಾಗ ಅವರ ಕೈ ನಡುಗಿ ಸಾರು ಚೆಲ್ಲಿತು. ಅತ್ತೆ ಹಣೆ ಮುಟ್ಟಿ ನೋಡಿ, ಜ್ವರ ಬಂದಿದೆ, ಹೋಗಿ ಮಲಗಿ ಎಂದರು. ಅಪ್ಪ ಮಾರನೆಯ ದಿನದ ಜೀಪಿಗೆ ಹೇಳಿಬರಲು ತೋಟದ ಆಫೀಸಿಗೆ ಹೋದರು. ಅಮ್ಮ, ಅತ್ತೆ ಮುಂದಿನ ಜಗಲಿಯಲ್ಲಿ ಚೌಕಾಬಾರ ಹಾಕಿಕೊಂಡರು.

ಮಾವ ಒಲೆಯ ಕೆಂಡವನ್ನು ಕಬ್ಬಿಣದ ಬಾಣಲೆಯಲ್ಲಿ ತುಂಬಿಕೊಂಡು ಹಿಂದಿನ ಕೋಣೆಗೆ ತಂದು ಇಟ್ಟರು, ಅದರ ಮೇಲೆ ಅಲ್ಲೇ ಬಿದ್ದಿದ್ದ ಒಂದು ಚೀಲ ಇದ್ದಲಿನಿಂದ ನಾಲ್ಕು ಹಿಡಿ ಹಾಕಿದರು. ನಾನು ಅವರ ಬೆನ್ನ ಹಿಂದೆಯೇ ಇದ್ದೆ. ಮಲಗುವ ಮುಂಚೆ ಅವರು ಕಿಟಕಿಯ ಚಿಲಕ ತೆಗೆದು, ಅದರ ಕದವನ್ನು ನಾಲ್ಕು ಬೆರಳಿನಷ್ಟು ತಳ್ಳಿ, ಗಾಳಿಗೆ ಮುಚ್ಚಿಕೊಳ್ಳದಿರಲಿ ಎಂದು ಗೋಣಿಯಿಂದ ಒಂದು ಬಾಳೆಕಾಯಿ ಮುರಿದು ತಂದು ಆ ಸಂದಿಗೆ ಸಿಕ್ಕಿಸಿದರು. ಆಮೇಲೆ ನನ್ನ ಕಡೆ ತಿರುಗಿ,

“ಈ ಕಾಯಿ ತೆಗೀಬ್ಯಾಡ ಕನವ್ವ, ಇದು ಉಸ್ರು” ಎಂದರು.

ನಾನು ಹೂಂ ಎಂದೆ. ಅವರು ಕಂಬಳಿ ಹೊದ್ದು ಮಲಗಿದರು. ನಾನು ಕೆಂಡದ ಮುಂದೆ ಕೂತು ಕೈ ಕಾಯಿಸಿಕೊಂಡೆ. ಸ್ವಲ್ಪ ಹೊತ್ತಿಗೆ ನಿದ್ದೆ ಹತ್ತಿತು ಅವರಿಗೆ. ನಿದ್ದೆಯಲ್ಲೂ ಹಲ್ಲು ಕಟಕಟ ಎನ್ನುತ್ತಿತ್ತು. ಕಿಟಕಿಯ ಸಂದಿನಿಂದ ಮಂಜು ನೇರ ಅವರ ಮುಖದ ಮೇಲೆ ಬರುತ್ತಿತ್ತು. ಮೀಸೆಯ ಮೇಲೆ ಸಣ್ಣ ಹನಿ ಕೂತಿದ್ದು ನನಗೆ ಈಗಲೂ ಕಾಣುತ್ತದೆ. ನನಗೆ ಅಳು ಬರುವಷ್ಟು ಪಾಪ ಅನ್ನಿಸಿತು. ಎದ್ದು ಹೋಗಿ ಬಾಳೆಕಾಯಿ ಕಿತ್ತು ಮಡಿಲಿಗೆ ಹಾಕಿಕೊಂಡು ಕಿಟಕಿ ಮುಚ್ಚಿದೆ. ಚಿಲಕ ಹಾಕಿದೆ. ನನ್ನ ಸ್ವೆಟರ್ ಬಿಚ್ಚಿ ಅವರ ಪಾದಕ್ಕೆ ಹೊದಿಸಿದೆ. ಜಗಲಿಯಲ್ಲಿ ಹೆಂಗಸರು ನಗುತ್ತಿದ್ದರಲ್ಲ, ಆ ಸದ್ದಿಗೆ ಮಾವನಿಗೆ ಎಚ್ಚರವಾಗದಿರಲಿ ಎಂದು ಕೋಣೆಯ ಬಾಗಿಲನ್ನೂ ಮೆಲ್ಲಗೆ ಎಳೆದುಕೊಂಡು ಹೊರಗೆ ಬಂದೆ. ಇಷ್ಟನ್ನೂ ಪ್ರೀತಿಯಿಂದಲೇ ಮಾಡಿದೆ. ಹಾಗೆ ಮಾಡಿದೆ ಎಂಬುದೇ ಇವತ್ತಿಗೂ ನನ್ನನ್ನು ತಿನ್ನುವುದು.

ಒಂದೂವರೆ ಗಂಟೆಯಾದ ಮೇಲೆ ಅತ್ತೆ ಕಾಫಿ ತೆಗೆದುಕೊಂಡು ಹೋದರು. ಲೋಟ ಬಿದ್ದ ಸದ್ದು ಕೇಳಿಸಿತು. ಆಮೇಲೆ ಅವರು ಕೂಗಿದ್ದು... ಅದನ್ನು ಬರೆಯುವುದು ಬೇಡ. ಅಮ್ಮ, ಅತ್ತೆ ಇಬ್ಬರೇ ಮಾವನನ್ನು ಕಂಬಳಿ ಸಮೇತ ಎಳೆದು ಹುಲ್ಲಿನ ಮೇಲೆ ಹಾಕಿದರು. ನನ್ನ ಸ್ವೆಟರ್ ಹೊಸಲಿನ ಮೇಲೆ ಬಿದ್ದಿತ್ತು. ನಾನು ಹಿತ್ತಿಲಿನ ಕಡೆ ಹೋಗಿ, ಲಂಗದ ಮಡಿಲಲ್ಲಿದ್ದ ಬಾಳೆಕಾಯಿಯನ್ನು ಇಳಿಜಾರಿಗೆ ಎಸೆದೆ. ಅದು ಕಾಫಿ ಗಿಡಗಳ ನಡುವೆ ಎಲ್ಲೋ ಬಿತ್ತು. ಏಕೆ ಎಸೆದೆ ಎಂದು ಯಾರಾದರೂ ಕೇಳಿದರೆ, ನನಗೆ ಅಷ್ಟು ಹೊತ್ತಿಗೇ ಗೊತ್ತಾಗಿತ್ತು ಎನ್ನದೆ ಬೇರೆ ಉತ್ತರವಿಲ್ಲ.

ತೋಟದ ಜೀಪು ಸಿಕ್ಕಿತು, ಕೆಳಗಿನ ಊರಿನ ಆಸ್ಪತ್ರೆ ಸಿಕ್ಕಿತು, ಜೀವ ಉಳಿಯಿತು. ಎರಡು ದಿನಕ್ಕೆ ಮಾವ ಕಣ್ಣು ಬಿಟ್ಟರು. ಕೆಂಡದ ಗಾಳಿ ತಲೆಗೆ ಏರಿದೆ, ಮರೆವು ಉಳಿಯಬಹುದು ಎಂದರು ಡಾಕ್ಟರು. ಕಿಟಕಿಗೆ ಚಿಲಕ ಹಾಕಿತ್ತು ಎಂದು ಅತ್ತೆ ಎಲ್ಲರಿಗೂ ಹೇಳಿದರು. ನೀನು ಅವರ ಜೊತೆ ಇದ್ದೆಯಲ್ಲ ಎಂದು ಅಪ್ಪ ಕೇಳಿದಾಗ, ಇಲ್ಲ, ಹಿತ್ತಿಲಲ್ಲಿ ಆಡುತ್ತಿದ್ದೆ ಎಂದೆ. ಅಲ್ಲಿಗೆ ಆ ಮಾತು ಮುಗಿಯಿತು. ಮಗುವಿನ ಮಾತನ್ನು ಯಾರೂ ಎರಡನೆಯ ಸಲ ಕೇಳಲಿಲ್ಲ.

ಊರಿಗೆ ಬಂದ ಮೇಲೆ ಮಾವ ನಡೆಯುತ್ತಿದ್ದರು, ಉಣ್ಣುತ್ತಿದ್ದರು, ನಗುತ್ತಿದ್ದರು. ಹಳೆಯದೆಲ್ಲ ನೆನಪಿತ್ತು. ನನ್ನ ನಾಮಕರಣಕ್ಕೆ ಎಷ್ಟು ಚಿಪ್ಪು ಹಣ್ಣು ಕೊಟ್ಟೆ ಎಂಬುದೂ ನೆನಪಿತ್ತು. ಹೊಸದು ಮಾತ್ರ ನಿಲ್ಲುತ್ತಿರಲಿಲ್ಲ. ಬೆಳಗ್ಗೆ ಹೇಳಿದ್ದು ಸಂಜೆಗೆ ಇಲ್ಲ, ನಿನ್ನೆ ಬಂದವರು ಇವತ್ತು ಬಂದರೆ ಎಷ್ಟು ದಿನವಾಯಿತು ನೋಡಿ ಎನ್ನುವರು. ಬೆಟ್ಟದ ಆ ಮಧ್ಯಾಹ್ನವಂತೂ ಪೂರಾ ಅಳಿಸಿಹೋಗಿತ್ತು. ಆದರೆ ಊರವರು ಹೇಳಿ ಹೇಳಿ ಒಂದು ಮಾತು ಮಾತ್ರ ಅವರ ತಲೆಯಲ್ಲಿ ಹೇಗೋ ಕೂತುಬಿಟ್ಟಿತು. ಊರಿಗೆಲ್ಲ ಉಸಿರು ಕಲಿಸಿದವನು ತನ್ನ ಉಸಿರು ಮರೆತ ಎಂಬ ಮಾತು. ಮಾರುಕಟ್ಟೆಯಲ್ಲಿ ಅದನ್ನು ನಗುನಗುತ್ತಲೇ ಆಡಿದರು. ಕೆಟ್ಟವರೇನಲ್ಲ, ಬಾಯಿ ಚಪಲ. ರೈತರು ಮರ್ಯಾದೆಯಾಗಿಯೇ ಗೊನೆಗಳನ್ನು ಬೇರೆ ಮಂಡಿಗೆ ಹಾಕತೊಡಗಿದರು. ಮರೆಯುವವನ ಕೈಗೆ ಹೊಗೆ ಕೋಣೆ ಕೊಡುವವರು ಯಾರು? ವರ್ಷ ತುಂಬುವುದರೊಳಗೆ ಹಿತ್ತಿಲಿನ ಆ ಕೋಣೆಯಲ್ಲಿ ಸೌದೆ ತುಂಬಿದರು.

ಆಮೇಲೆ ಶುರುವಾಯಿತು ಅವರ ಕಿಟಕಿಯ ಗೀಳು. ಯಾರ ಮನೆಗೆ ಹೋದರೂ ಮೊದಲು ಕಿಟಕಿ ನೋಡುವರು. ಮುಚ್ಚಿದ್ದರೆ ತಾವೇ ತೆಗೆಯುವರು. ಉಸಿರು ಬಿಟ್ಟಿದ್ದೀರಾ ಎಂದು ಕೇಳುವರು. ಮದುವೆ ಮನೆಯಲ್ಲಿ, ಸಾವಿನ ಮನೆಯಲ್ಲಿ, ನಮ್ಮ ಸ್ಕೂಲಿನ ಹೆಡ್‌ಮಾಸ್ಟರ ಕೋಣೆಯಲ್ಲೂ ಒಮ್ಮೆ. ಬೀದಿಯ ಹುಡುಗರು ಅವರ ಹಾಗೇ ಮಾಡಿ ತೋರಿಸುತ್ತಿದ್ದರು. ಕ್ಲಾಸಿನಲ್ಲಿ ಒಂದು ದಿನ ಎಲ್ಲರ ಜೊತೆ ನಾನೂ ನಕ್ಕೆ. ನಗದಿದ್ದರೆ ಅನುಮಾನ ಬರುತ್ತದೆ ಎಂದು ನಕ್ಕೆ.

ಏಳು ವರ್ಷ ಬಾಯಿ ಬಿಡಲಿಲ್ಲ. ಪಿಯುಸಿ ಓದುತ್ತಿದ್ದಾಗ ಒಂದು ಮಧ್ಯಾಹ್ನ ಅವರು ಜಗಲಿಯಲ್ಲಿ ಕೂತು ಹೂ ಕಟ್ಟಲು ಬಾಳೆನಾರು ಸೀಳುತ್ತಿದ್ದರು. ನಾನು ಹೋಗಿ ಪಕ್ಕದಲ್ಲಿ ಕೂತೆ. ನಾರು ಸೀಳುತ್ತಲೇ, ಯಾರನ್ನೂ ಉದ್ದೇಶಿಸದೆ, ಅಷ್ಟು ವರ್ಷ ಹೊಗೆ ಹಾಕಿದವನು ಹೇಗೆ ಮರೆತೆನೋ, ನನ್ನ ಬುದ್ಧಿ ಎಲ್ಲಿಗೆ ಹೋಗಿತ್ತೋ ಎಂದರು. ದಿನವೂ ಹೇಳುತ್ತಿದ್ದ ಮಾತೇ. ಆ ದಿನ ನನಗೆ ತಡೆಯಲಿಲ್ಲ. ನೀವು ಮರೆಯಲಿಲ್ಲ ಮಾವ, ಕಿಟಕಿ ಮುಚ್ಚಿದ್ದು ನಾನು ಎಂದು ಎಲ್ಲವನ್ನೂ ಹೇಳಿಬಿಟ್ಟೆ.

ಅವರು ನಾರು ಕೆಳಗಿಟ್ಟರು. ಬೈಯುತ್ತಾರೆ, ಹೊಡೆಯುತ್ತಾರೆ, ಹೊಡೆಯಲಿ ಎಂದು ತಲೆ ಬಗ್ಗಿಸಿಕೊಂಡೆ.

“ಕಾಯಿ ಮಡಗಿದ್ನಾ ನಾನು?” ಎಂದು ಕೇಳಿದರು.

ಇಟ್ಟಿದ್ದಿರಿ ಎಂದೆ. ಎಷ್ಟು ಸಂದು ಬಿಟ್ಟಿದ್ದೆ ಎಂದು ಕೇಳಿದರು. ನಾಲ್ಕು ಬೆರಳು ಎಂದೆ. ಅವರು ತಮ್ಮ ನಾಲ್ಕು ಬೆರಳು ಜೋಡಿಸಿ ನೋಡಿಕೊಂಡರು.

“ಅಂಗಾರೆ ನಾ ಮರೀಲಿಲ್ಲ” ಎಂದರು.

ಆ ಮುಖವನ್ನು ಹೇಗೆ ವರ್ಣಿಸಲಿ... ನನ್ನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಅವರಿಗೆ ಹೊಳೆಯಲೇ ಇಲ್ಲ. ನನ್ನ ತಲೆ ಸವರಿ, ಎದ್ದು, ಪಂಚೆ ಕೊಡವಿಕೊಂಡು ಒಳಗೆ ಹೋದರು. ನಾನು ಜಗಲಿಯಲ್ಲೇ ಕೂತಿದ್ದೆ. ಅತ್ತೆ ಈಗ ಹೊರಗೆ ಬರುತ್ತಾರೆ, ಕೂದಲು ಹಿಡಿದು ಕೇಳುತ್ತಾರೆ ಎಂದು ಬಾಗಿಲನ್ನೇ ನೋಡುತ್ತಿದ್ದೆ. ಅತ್ತೆ ಬರಲಿಲ್ಲ. ಮಾವ ಒಳಗೆ ಹೋಗುವಷ್ಟರಲ್ಲಿ ಮರೆತಿದ್ದಾರೆ ಎಂದುಕೊಂಡು ಮನೆಗೆ ಬಂದೆ. ಮಾರನೆಯ ಬೆಳಗ್ಗೆ ಅವರು ಮತ್ತೆ ಜಗಲಿಯಲ್ಲಿ ಕೂತು, ಹೇಗೆ ಮರೆತೆನೋ ಎನ್ನುತ್ತಿದ್ದರು.

ನಾನು ಮತ್ತೆ ಹೇಳಿದೆ. ಮತ್ತೆ ಅದೇ ಪ್ರಶ್ನೆ, ಅದೇ ನಾಲ್ಕು ಬೆರಳು, ಅದೇ ಮುಖ. ಮುಂದಿನ ಎರಡು ಮೂರು ವರ್ಷದಲ್ಲಿ ಹತ್ತು ಹನ್ನೆರಡು ಸಲವಾದರೂ ಹೇಳಿದ್ದೇನೆ. ಮೊದಲ ಸಲ ನಡುಗಿದ್ದೆ, ಐದನೆಯ ಸಲಕ್ಕೆ ಪಾಠ ಒಪ್ಪಿಸಿದ ಹಾಗೆ ಬರುತ್ತಿತ್ತು. ಅವರು ಪ್ರತಿ ಸಲವೂ ನನ್ನನ್ನು ಹೊಸದಾಗಿ ಕ್ಷಮಿಸುತ್ತಿದ್ದರು, ಅದು ನನಗೆ ಹಿತವಾಗಿತ್ತು. ನಾನು ಎಂಥವಳೆಂದು ನನಗೆ ಗೊತ್ತಾಗಿದ್ದು ಆಗಲೇ. ನೆನಪಿಟ್ಟುಕೊಳ್ಳಲಾಗದ ಒಬ್ಬರನ್ನು ಹುಡುಕಿ ಅವರ ಮುಂದೆ ತಪ್ಪೊಪ್ಪಿಕೊಂಡಿದ್ದೆ. ನೆನಪಿಟ್ಟುಕೊಳ್ಳಬಲ್ಲ ಅತ್ತೆಗೆ, ಅಪ್ಪನಿಗೆ, ಅಮ್ಮನಿಗೆ ಒಂದಕ್ಷರವೂ ಹೇಳಿರಲಿಲ್ಲ. ಅದು ಹೊಳೆದ ಮೇಲೆ ನಾಚಿಕೆಯಾಗಿ ಹೇಳುವುದನ್ನೇ ಕಡಿಮೆ ಮಾಡಿದೆ. ಆ ನಾಚಿಕೆಯನ್ನು ಒಳ್ಳೆಯತನ ಎಂದುಕೊಂಡಿದ್ದೆ.

ಅಷ್ಟರಲ್ಲಿ ಮದುವೆಯಾಯಿತು. ದೂರಕ್ಕೇನೂ ಕೊಡಲಿಲ್ಲ, ನರಸೀಪುರಕ್ಕೆ. ನಮ್ಮ ಮನೆ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲೇ. ನಂಜನಗೂಡು, ನಂಜನಗೂಡು ಎಂದು ಕಂಡಕ್ಟರ್ ಕೂಗುವುದು ಅಡುಗೆಮನೆಗೆ ಕೇಳಿಸುತ್ತದೆ. ಆದರೂ ಹೋಗುವುದು ಕಡಿಮೆಯಾಯಿತು. ಹೋದರೂ ಪಕ್ಕದ ಮನೆಯ ಜಗಲಿಯತ್ತ ನೋಡದೆ ನೇರ ಒಳಗೆ, ಹೊತ್ತಾಯಿತು ಎಂದು ನೇರ ಹೊರಗೆ. ಅಮ್ಮ ಬಂದಾಗಲೆಲ್ಲ ಅತ್ತೆ ಕೊಟ್ಟರು ಎಂದು ಒಂದು ಚಿಪ್ಪು ಹಣ್ಣು ತರುತ್ತಿದ್ದಳು. ಒಂದು ಸಲ ಬಂದು ಹೋಗಬೇಕಂತೆ, ಮಾವನನ್ನು ನೋಡಬೇಕಂತೆ ಎಂದು ಹೇಳುತ್ತಿದ್ದಳು. ಅತ್ತೆಗೆ ಹೇಗೋ ಗೊತ್ತಾಗಿಬಿಟ್ಟಿದೆ, ಕರೆದು ಕೂರಿಸಿ ಕೇಳುತ್ತಾರೆ ಎಂದುಕೊಂಡೆ. ಪರೀಕ್ಷೆ ಇದೆ, ಪೇಪರ್ ತಿದ್ದಬೇಕು, ಮಗುವಿಗೆ ಮೈ ಬಿಸಿ... ನೆಪಕ್ಕೇನು ಬರವೇ? ಹೀಗೆ ಮೂರು ವರ್ಷ ತಲೆ ತಪ್ಪಿಸಿಕೊಂಡೆ.

ಮೂರನೆಯ ವರ್ಷ ಮಾವ ತೀರಿಕೊಂಡರು. ಮಣ್ಣಿಗೆ ಹೋದೆ. ಅವರನ್ನು ಕೂರಿಸಿದ್ದ ಕೋಣೆಯ ಕಿಟಕಿಗಳೆಲ್ಲ ತೆರೆದಿದ್ದವು. ಜನ ಅಳುತ್ತಲೇ, ಎಂಥ ಕೈ, ಎಂಥ ಮೂಗು, ಒಂದು ದಿನ ಮರೆತಿದ್ದಕ್ಕೆ ಎಲ್ಲ ಹೋಯಿತು ನೋಡಿ ಎನ್ನುತ್ತಿದ್ದರು. ಅಲ್ಲೇ ನಿಂತು ಹೇಳಬಹುದಿತ್ತು. ಅಲ್ಲೂ ನಾನು ಹೇಳಲಿಲ್ಲ.

ವರ್ಷ ಕಳೆದ ಮೇಲೆ ಅತ್ತೆ ಒಬ್ಬರೇ ಇದ್ದಾಗ ಹೋದೆ. ಈ ಸಲ ಹೇಳದೆ ಹಿಂತಿರುಗಬಾರದು ಎಂದು ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು. ನಾನೂ ಕೈ ಹಾಕಿದೆ. ಸುಲಿಯುತ್ತಾ, ಅವರ ಮುಖ ನೋಡದೆ, ಬೆಟ್ಟದಲ್ಲಿ ಕಿಟಕಿ ಮುಚ್ಚಿದ್ದು ಮಾವ ಅಲ್ಲ ಅತ್ತೆ ಎಂದೆ.

“ಗೊತ್ತು ಕನವ್ವ” ಎಂದರು.

ನನ್ನ ಕೈಲಿದ್ದ ಕಾಯಿ ಕೈಯಲ್ಲೇ ಉಳಿಯಿತು. ಅತ್ತೆ ಸುಲಿಯುವುದನ್ನು ನಿಲ್ಲಿಸಲಿಲ್ಲ. ನಾನು ಜಗಲಿಯಲ್ಲಿ ಹೇಳಿದ ಮೊದಲ ದಿನವೇ ಮಾವ ಒಳಗೆ ಹೋಗಿ ಅವರಿಗೆ ಎಲ್ಲವನ್ನೂ ಹೇಳಿದ್ದರಂತೆ. ಯಾರ ಮುಂದೆಯೂ ಆಡಬೇಡ, ಹೆಣ್ಣು ಮಗು, ನಾಳೆ ಮದುವೆ ಮಾತು ಬರುವಾಗ ಊರವರು ಅದನ್ನೇ ಹಿಡಿದುಕೊಳ್ಳುತ್ತಾರೆ, ನಾನು ಮರೆತೆ ಅಂತಲೇ ಇರಲಿ ಎಂದಿದ್ದರಂತೆ. ಅತ್ತೆಗೆ ಆ ದಿನ ನನ್ನನ್ನು ಎಳೆದು ತಂದು ಬಾರಿಸುವಷ್ಟು ಸಿಟ್ಟು ಬಂದಿತ್ತಂತೆ. ಆದರೆ ಮಾವ ಆ ಸಂಜೆ ಎರಡು ಮುದ್ದೆ ಉಂಡರಂತೆ. ಎಷ್ಟೋ ವರ್ಷಕ್ಕೆ ಮೊದಲ ಸಲ, ಎದ್ದು ಕಿಟಕಿ ನೋಡದೆ ಮಲಗಿದರಂತೆ. ಅದನ್ನು ನೋಡಿ ಸಿಟ್ಟು ಇಳಿದುಹೋಯಿತಂತೆ. ಅಲ್ಲಿಂದ ಮುಂದೆ ನಾನು ಜಗಲಿಯಲ್ಲಿ ಕೂತಾಗಲೆಲ್ಲ ಅತ್ತೆ ಬಾಗಿಲ ಹಿಂದೆ ನಿಂತು, ಇವತ್ತು ಹೇಳುತ್ತಾಳೋ ಏನೋ ಎಂದು ಕಾಯುತ್ತಿದ್ದರಂತೆ.

ನಾನು ಮದುವೆಯಾಗಿ ಹೋದ ಮೇಲೆ ಮಾವನಿಗೆ ನೀವೇ ಹೇಳಬಹುದಿತ್ತಲ್ಲ ಎಂದು ಕೇಳಿದೆ. ಅತ್ತೆ ಆಗ ಮುಖವೆತ್ತಿ ನೋಡಿದರು.

“ಯೋಳ್ದೆ ಕನವ್ವ, ದಿನಾ ಯೋಳ್ದೆ. ನನ್ ಸಮಾದಾನಕ್ಕೆ ಯೋಳ್ತೀಯೆ ಬುಡು ಅಂದ್ಬುಡೋರು. ಕಂಡೋಳು ನೀನು. ನೀ ಯೋಳುದ್ರೆ ನಂಬೋರು. ಅದ್ಕೇಯ ನಿಮ್ಮವ್ವನ್ ಕೈಲಿ ಅಷ್ಟು ಸಲ ಯೋಳ್ ಕಳಿಸ್ದೆ, ಬಂದೋಗು ಅಂತ.”

ಅದರಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಅವರು ಮತ್ತೆ ಅವರೆಕಾಯಿಗೆ ಕೈ ಹಾಕಿದರು. ಹೊರಡುವಾಗ ಎಂದಿನಂತೆ ಒಂದು ಚಿಪ್ಪು ಹಣ್ಣು ಕೊಟ್ಟರು. ಈಗ ಅವರೂ ಇಲ್ಲ. ಆ ಮನೆಯನ್ನು ಬೇರೆಯವರು ಕೊಂಡು, ಹಿತ್ತಿಲಿನ ಹೊಗೆ ಕೋಣೆಯನ್ನು ಕೆಡವಿ ಬೈಕು ನಿಲ್ಲಿಸಲು ಜಾಗ ಮಾಡಿಕೊಂಡಿದ್ದಾರೆ.

ಹತ್ತು ವರ್ಷದವಳು ಮಾಡಿದ್ದನ್ನು ನಾನು ಹೇಗೋ ಹೊಟ್ಟೆಗೆ ಹಾಕಿಕೊಂಡಿದ್ದೇನೆ. ಅವಳ ತಲೆಗೆ ಹೋಗಿರಲಿಲ್ಲ, ಅವಳಿಗೆ ಪಾಪ ಅನ್ನಿಸಿತ್ತು, ಮುಚ್ಚಿದಳು. ಆದರೆ ಇಪ್ಪತ್ತು ದಾಟಿದ, ಮಕ್ಕಳಿಗೆ ಪಾಠ ಹೇಳುವ, ಎಲ್ಲ ಗೊತ್ತಿದ್ದ ಆ ಇನ್ನೊಬ್ಬಳನ್ನು ಏನು ಮಾಡಲಿ? ಒಬ್ಬ ಮನುಷ್ಯ ಪ್ರತಿದಿನ ಬೆಳಗ್ಗೆ ಎದ್ದು ತನ್ನನ್ನು ತಾನು ಹಳಿದುಕೊಳ್ಳುತ್ತಿದ್ದ. ಅದನ್ನು ಒಂದು ಸಂಜೆಯ ಮಟ್ಟಿಗಾದರೂ ನಿಲ್ಲಿಸುವ ಮಾತು ಇಡೀ ಊರಿನಲ್ಲಿ ನನ್ನೊಬ್ಬಳ ಬಾಯಲ್ಲಿತ್ತು. ಮಾವ ಮತ್ತೆ ಮರೆಯುತ್ತಿದ್ದರು, ಸರಿ. ಮತ್ತೆ ಹೋಗಿ ಹೇಳಬೇಕಿತ್ತು, ಅಷ್ಟೆ.

ಕಿಟಕಿಯ ಹತ್ತಿರ ಇಟ್ಟ ಚಿಪ್ಪಿನಿಂದ ಒಂದು ಹಣ್ಣು ಕಿತ್ತು ತಿಂದೆ. ಚೆನ್ನಾಗಿ ಮಾಗಿತ್ತು, ಆ ಹೆಂಗಸು ಸರಿಯಾಗಿ ಉಸಿರು ಬಿಟ್ಟಿದ್ದಾಳೆ. ಹೊರಗೆ ಕಂಡಕ್ಟರ್ ಕೂಗುತ್ತಿದ್ದ. ಮಾವ ಇದ್ದಾಗಲೂ ಹೀಗೆಯೇ ಕೂಗುತ್ತಿದ್ದರು. ನಂಜನಗೂಡಿಗೆ ಒಂದು ಗಂಟೆಯ ದಾರಿ, ಅರ್ಧ ಗಂಟೆಗೊಂದು ಬಸ್ಸಿತ್ತು.